ಮೂಲೆಯ ಕರಿ ಬೊಟ್ಟು

ನಾನು ಒಂದು ಮಸಿ ಲೇಖನಿ. ಬೆಟಗೇರಿಯ ಬಡಿಗನೊಬ್ಬ ತೊಟ್ಟಿಲು ಮಾಡಿ ಉಳಿದ ತೇಗದ ತುಂಡನ್ನು ಉಜ್ಜಿ ನನ್ನ ಹಿಡಿ ಮಾಡಿದ. ತುದಿಗೆ ಉಕ್ಕಿನ ನಿಬ್ಬು ಸಿಕ್ಕಿಸಿದವರು ಡ್ರಾಯಿಂಗ್ ಮಾಸ್ತರ ಗುರುಪಾದಪ್ಪನವರು. ಹುಟ್ಟಿದ ದಿನವೇ ಮಸಿ ಕುಡಿದೆ, ನೋಡಿ!

ಮಾಸ್ತರರಿಗೆ ದೇವರು-ದಿಂಡರು, ಗುಡ್ಡ-ಬೆಟ್ಟ ಬರೆಯುವ ಚಪಲವಿರಲಿಲ್ಲ. ಕಂದೀಲು, ಈಳಿಗೆ, ಹರಿದ ಜರಡಿ, ಇವೇ ಅವರಿಗೆ ಚೆಲುವು. ಒಂದು ಹಿತ್ತಾಳೆ ಚರಿಗೆಯನ್ನು ಮೂರು ದಿನ ನೋಡುತ್ತ ಕೂತಿದ್ದರು. ಅವರ ಕೈಯಲ್ಲಿದ್ದು ನನಗೂ ಸೊಟ್ಟ ಸೌಟಿನ ಮೇಲೆ ಪ್ರೀತಿ ಹುಟ್ಟಿತು.

ಅವರ ಹೆಂಡತಿ ನೀಲವ್ವನಿಗೆ ಮಾತ್ರ ಅಂಜಿಕೆ. "ಅಷ್ಟೊತ್ತು ನೆಟ್ಟ ನೋಡಿದ್ರ ಕಲ್ಲಿಗೂ ದೃಷ್ಟಿ ತಾಗತೈತ್ರೀ. ಕೂಸಿನ ಗಲ್ಲಕ್ಕ ಇಟ್ಟಾಂಗ ಚಿತ್ರದ ಮೂಲಿಗೊಂದು ಕರಿ ಬೊಟ್ಟ ಇಡ್ರಿ" ಎನ್ನುತ್ತಿದ್ದಳು. ಮಾಸ್ತರರು ನಕ್ಕು ಇಡುತ್ತಿದ್ದರು. ಕಂದೀಲಿನ ಚಿತ್ರಕ್ಕೆ ಇಡುವುದು ಮರೆತರು. ಮರುದಿನ ಬೆಳಿಗ್ಗೆ, ಯಾರೂ ಮುಟ್ಟದೆಯೇ ಕಂದೀಲಿನ ಗಾಜು ಗೋಡೆಯ ಗೂಡಿನಲ್ಲೇ ಸೀಳಿತ್ತು. ಆಮೇಲೆ ಬರೆದದ್ದು ಉಪ್ಪು ತುಂಬಿಡುವ ಕಲ್ಲಿನ ಮರಿಗೆ. ಅದಕ್ಕೂ ಬೊಟ್ಟಿರಲಿಲ್ಲ, ಅದೂ ಎರಡು ಹೋಳು. ಅಂದಿನಿಂದ ಮಾಸ್ತರರು ನಗುವುದು ಬಿಟ್ಟರು.

ಒಂದು ಮಧ್ಯಾಹ್ನ ನೀಲವ್ವ ರೊಟ್ಟಿ ಬಡಿಯುತ್ತಿದ್ದಳು. ಮಾಸ್ತರರು ಅವಳ ರೊಟ್ಟಿ ಹಲಗೆಯನ್ನು ಬರೆಯುತ್ತಿದ್ದರು. ಹಲಗೆಯ ಜೊತೆ ಅವಳ ಕೈಯೂ ಹಾಳೆಗೆ ಬಂತು. ಬೇಡವೆನ್ನಲು ನನಗೆಲ್ಲಿ ಬಾಯಿ? ಕೊನೆಯ ಗೆರೆ ಮುಗಿಯುವಷ್ಟರಲ್ಲಿ ಬಡಿಯುವ ಸದ್ದು ನಿಂತಿತು. ನೀಲವ್ವ ತನ್ನ ಬಲಗೈಯನ್ನೇ ಬೆಪ್ಪಾಗಿ ನೋಡುತ್ತಿದ್ದಳು.

"ಕೈ ಎತ್ತಾಕ ಬರವಲ್ದರೀ..."

"ಅಯ್ಯಯ್ಯೋ, ಬೊಟ್ಟ!" ಮಾಸ್ತರರು ನನ್ನನ್ನು ದೌತಿಗೆ ಅದ್ದಿ ಹಾಳೆಯ ಮೂಲೆಗೆ ಕುಕ್ಕಿದ ರಭಸಕ್ಕೆ ನಿಬ್ಬು ಮುರಿಯಿತು. ಜೀವ ಹೋದಷ್ಟು ನೋವಾಯಿತು. ಆದರೆ ಬೊಟ್ಟು ಬಿತ್ತು. ಹಲಗೆಯ ಮೇಲೆ ಮತ್ತೆ ಪಟಪಟ ಸದ್ದು ಕೇಳಿದಾಗ, ಮುರಿದದ್ದಕ್ಕೆ ನಾನು ಒಂದಿಷ್ಟೂ ಮರುಗಲಿಲ್ಲ.

ಈಗ ಮಾಸ್ತರರಿಲ್ಲ. ನೀಲವ್ವನ ಕಣ್ಣು ಮಂಜಾಗಿದೆ. ಸೂಜಿ-ದಾರದ ಡಬ್ಬಿಯಲ್ಲಿ ಮಲಗಿದ್ದ ನನ್ನನ್ನು ಇಂದು ಮೊಮ್ಮಗಳು ಶಾಂಭವಿ ಕಿಟಕಿಯಲ್ಲಿಟ್ಟು, ತಾಸುಗಟ್ಟಲೆ ನೋಡಿ, ತನ್ನ ಹೊಸ ಪೆನ್ನಿನಿಂದ ಬರೆದಳು. ಮುರಿದ ಮೂತಿಯನ್ನೂ ಬಿಡಲಿಲ್ಲ. ಎಷ್ಟು ಚಂದ ಬಂದಿದ್ದೇನೆ! ಹುಟ್ಟಿದಾಗಿನಿಂದ ಬೇರೆಯವರ ಚಿತ್ರ ಬರೆದ ನನ್ನನ್ನು ಒಬ್ಬರು ಬರೆದದ್ದು ಇದೇ ಮೊದಲು.

ಒಳಗಿನಿಂದ ನೀಲವ್ವ ಕೇಳಿದಳು: "ಬೊಟ್ಟ ಇಟ್ಟೀ ಏನವಾ?"

"ಹೂಂ ಅಜ್ಜಿ, ಇಟ್ಟೀನಿ" ಎಂದಳು ಶಾಂಭವಿ, ಹಾಳೆಯನ್ನು ಪುಸ್ತಕದೊಳಗೆ ಸೇರಿಸುತ್ತ.

ಇಟ್ಟಿರಲಿಲ್ಲ. ನನ್ನ ಹಿಡಿಯೊಳಗೆ ಎಲ್ಲೋ ಸಣ್ಣಗೆ ಚಟ್ ಎಂದಿತು.