ಗುಂಡಿ ಕಿತ್ತ ಅಂಗಿ

ಮಗನನ್ನು ಪೊಲೀಸರು ಕರೆದೊಯ್ದ ಮೇಲೆ ಯೂಲಾನಳ ಮನೆಗೆ ಯಾರೂ ಬರುತ್ತಿರಲಿಲ್ಲ. ಚಳಿಗಾಲಕ್ಕೆಂದು ಜೊತೆಯಲ್ಲಿ ಕೂತು ಎಲೆಕೋಸು ಉಪ್ಪಿಗೆ ಹಾಕುತ್ತಿದ್ದ ನೆರೆಯವರು ಈಗ ಮೆಟ್ಟಿಲಲ್ಲಿ ಎದುರಾದರೆ ಕೈಚೀಲದೊಳಗೆ ಏನೋ ಹುಡುಕತೊಡಗುತ್ತಿದ್ದರು. ಬರುತ್ತಿದ್ದವನು ಒಬ್ಬನೇ, ಪೊಲೀಸ್ ಅಧಿಕಾರಿ ಹೌ. ಬರುವಾಗ ಸೇಬು ತರುತ್ತಿದ್ದ.

ಮಗ ಪೇಶಂಗ್ ವಕೀಲ. ಕಲ್ಲುಗಣಿಯ ಧೂಳು ಕುಡಿದು ಎದೆ ಕೆಟ್ಟ ಕೂಲಿಗಳ ಪರ ವಾದಿಸುತ್ತಿದ್ದ. ಸರ್ಕಾರದ ವಿರುದ್ಧ ಜನರನ್ನು ಎತ್ತಿಕಟ್ಟಿದ ಎಂದು ಅವನ ಮೇಲೆ ಆರೋಪ ಹೊರಿಸಿದ್ದರು.

“ದೊಡ್ಡಮ್ಮ, ಅವನು ಅತಿಥಿಗೃಹದಲ್ಲಿ ಆರಾಮಾಗಿದ್ದಾನೆ,” ಎನ್ನುತ್ತಿದ್ದ ಹೌ. “ನೀವು ಸುಮ್ಮನಿದ್ರೆ ಹೊಸ ವರ್ಷಕ್ಕೆ ಮನೇಲಿರ್ತಾನೆ.”

ಈ ಸಲ ಮೇಜಿನ ಮೇಲೆ ಒಂದು ಕಾಗದ ಇಟ್ಟು ಹೋಗಿದ್ದ. ಸರ್ಕಾರ ಕೊಡುವ ವಕೀಲನೇ ಸಾಕು, ಮನೆಯವರು ಬೇರೆಯವರನ್ನು ನೇಮಿಸುವುದಿಲ್ಲ ಎಂದು ಅದರಲ್ಲಿತ್ತು. ಶುಕ್ರವಾರದೊಳಗೆ ಸಹಿ ಬೇಕಂತೆ.

ಬುಧವಾರ ಮಿಯಾವ್ ಶಿನ್ ಬಂದಳು. ಅವಳ ಗಂಡನೂ ವಕೀಲ, ಮೂರು ವರ್ಷದಿಂದ ಜೈಲಿನಲ್ಲಿದ್ದಾನೆ. ಯೂಲಾನ್ ಬಾಗಿಲನ್ನು ಅರ್ಧವೇ ತೆರೆದಳು.

“ನೀನು ಊರೆಲ್ಲ ಕೂಗಾಡಿದೆಯಲ್ಲ, ನಿನ್ನ ಗಂಡ ಬಂದ್ನಾ?”

“ಇಲ್ಲ ದೊಡ್ಡಮ್ಮ. ಆದ್ರೆ ಎಲ್ಲಿದ್ದಾನೆ ಅಂತ ನಂಗೆ ಗೊತ್ತು. ನಿಮಗೆ ಗೊತ್ತಾ?”

“ಅತಿಥಿಗೃಹದಲ್ಲಿ.”

“ಯಾವ ಅತಿಥಿಗೃಹ? ಜೈಲು ಬಿಟ್ಟು ಬೇರೆ ಕಡೆ ಹಾಗೆ ಇಡೋಕೆ ಕಾನೂನಲ್ಲಿ ಆರೇ ತಿಂಗಳು ಅವಕಾಶ. ಪೇಶಂಗ್ ಹೋಗಿ ಎಷ್ಟಾಯ್ತು?”

ಯೂಲಾನ್ ಬೆರಳು ಮಡಿಸಿದಳು. ಏಳು ತುಂಬಿ ಎಂಟಕ್ಕೆ ಬಿದ್ದಿತ್ತು. ಬಾಗಿಲು ಪೂರ್ತಿ ತೆರೆದಳು.

“ಹೌ ಒಳ್ಳೆಯವನು ಕಣೇ. ಸೇಬು ತಂದ್ಕೊಡ್ತಾನೆ,” ಎಂದ ಯೂಲಾನ್ ಮೇಜಿನ ಮೇಲಿದ್ದ ಕಾಗದ ತೋರಿಸಿದಳು.

“ತರಲಿ, ತಿನ್ನಿ. ತಿಂದ ಸೇಬಿಗೆ ಸಹಿ ಹಾಕ್ಬೇಡಿ, ಅಷ್ಟೆ. ನಾಳೆ ಬಂಧನ ಕೇಂದ್ರದ ಕಿಟಕೀಲಿ ಒಂದು ಅಂಗಿ ಕೊಟ್ಟು ನೋಡೋಣ. ಒಳಗಿಲ್ಲದವರ ಬಟ್ಟೆ ಅವರು ತಗೊಳಲ್ಲ. ತಗೊಂಡ್ರೆ ಅಲ್ಲೇ ಇದ್ದಾನೆ ಅಂತ.”

ಯೂಲಾನ್ ತಾನೇ ಹೊಲಿದಿದ್ದ ಹತ್ತಿ ತುಂಬಿದ ಅಂಗಿ ತಂದಳು.

“ಒಳಗೆ ಕೊಡೋ ಬಟ್ಟೇಲಿ ಗುಂಡಿ, ಜಿಪ್ಪು, ಲಾಡಿ ಏನೂ ಇರೋ ಹಾಗಿಲ್ಲ,” ಎಂದಳು ಮಿಯಾವ್ ಶಿನ್.

“ಎದೆ ತೆರೆದ್ಕೊಂಡು ಈ ಚಳಿ ಹೆಂಗೆ ತಡೀತಾನೆ?”

ಯೂಲಾನ್ ಕತ್ತರಿ ತೆಗೆದುಕೊಂಡಳು. ಬಟ್ಟೆ ಗಿರಣಿಯಲ್ಲಿ ಮೂವತ್ತು ವರ್ಷ ದುಡಿದ ಕೈ ಅದು. ಗುಂಡಿಗಳನ್ನು ಕಿತ್ತು, ಮುಂದಿನ ಎರಡು ಅಂಚುಗಳನ್ನು ಸೇರಿಸಿ ಹೊಲಿದು, ತಲೆಯ ಮೇಲಿಂದ ಹಾಕಿಕೊಳ್ಳುವಂತೆ ಮಾಡಿದಳು.

ಮರುದಿನ ಕಿಟಕಿಯ ಹಿಂದಿದ್ದ ಹುಡುಗಿ ಪೇಶಂಗನ ಹೆಸರು ಗಣಕದಲ್ಲಿ ಹುಡುಕಿದಳು. ಹೊಲಿಗೆಗಳನ್ನೆಲ್ಲ ಹಿಚುಕಿ ನೋಡಿದಳು. ಅಂಗಿ ಒಳಗೆ ಹೋಯಿತು. ಒಂದು ಗಂಟೆಯ ಮೇಲೆ ರಸೀದಿ ಹೊರಬಂತು. ಅದರ ಮೇಲೆ ಪೇಶಂಗನ ಸಹಿ. ಕೊನೆಯ ಗೆರೆಯನ್ನು ಉದ್ದಕ್ಕೆ ಎಳೆಯುವುದು ಶಾಲೆಯಿಂದಲೂ ಅವನ ಅಭ್ಯಾಸ.

ಯೂಲಾನ್ ಅಲ್ಲಿನ ಬೆಂಚಿನ ಮೇಲೆ ಕೂತು ಮನಸಾರೆ ಅತ್ತಳು.

“ಏಳು ತಿಂಗಳು ಬಾಯಿ ಮುಚ್ಕೊಂಡು ಕೂತೆ. ಅಮ್ಮ ಮರೆತ್ಲು ಅಂದ್ಕೊಂಡಿರ್ತಾನೆ.”

“ಇವತ್ತು ಅಂಗಿ ನೋಡಿದಾನಲ್ಲ. ನಿಮ್ಮ ಹೊಲಿಗೆ ಅವನಿಗೆ ಗೊತ್ತಾಗ್ದೆ ಇರುತ್ತಾ?”

ಆ ಮಧ್ಯಾಹ್ನವೇ ಯೂಲಾನ್ ತನಗೆ ಬೇಕಾದ ವಕೀಲೆಯ ಹೆಸರಿಗೆ ಅಧಿಕಾರಪತ್ರ ಬರೆದು ಸಹಿ ಹಾಕಿದಳು.

ಶುಕ್ರವಾರ ಹೌ ಬಂದ. “ಕಾಗದ ಎಲ್ಲಿ ದೊಡ್ಡಮ್ಮ?”

“ಮೊದಲು ಆ ಅತಿಥಿಗೃಹದ ವಿಳಾಸ ಬರೆದು, ಕೆಳಗೆ ನೀನೇ ಸಹಿ ಹಾಕು. ಆಮೇಲೆ ನನ್ನ ಸಹಿ ವಿಷಯ ಮಾತಾಡೋಣ,” ಎಂದು ಬಂಧನ ಕೇಂದ್ರದ ರಸೀದಿಯನ್ನು ಅವನ ಮುಂದೆ ಇಟ್ಟಳು.

ಹೌ ಅದನ್ನು ಓದಿದ. ಸೇಬಿನ ಚೀಲವನ್ನೂ ಎತ್ತಿಕೊಂಡು ಹೋದ.

ಪೇಶಂಗ್ ಇನ್ನೂ ಬಿಡುಗಡೆಯಾಗಿಲ್ಲ. ವಕೀಲೆಯನ್ನು ಎರಡು ಸಲ ಬಾಗಿಲಿನಿಂದಲೇ ವಾಪಸು ಕಳಿಸಿದರು. ಮೂರನೇ ಸಲ ಭೇಟಿ ಕೋಣೆಯ ಗಾಜಿನಾಚೆ ಅವನು ಸಿಕ್ಕ. ಅದೇ ಅಂಗಿ ತೊಟ್ಟಿದ್ದನಂತೆ.

ಇದನ್ನು ಓದುತ್ತಿರುವ ಅಕ್ಕ ಅಣ್ಣಂದಿರೇ, ನಿಮ್ಮ ಮನೆಯವರನ್ನು ಹೀಗೆ ಕರೆದೊಯ್ದರೆ ಸುಮ್ಮನಿರಿ ಎಂಬ ಮಾತು ನಂಬಿ ಕೂರಬೇಡಿ. ಎಲ್ಲಿಟ್ಟಿದ್ದಾರೆಂದು ಬರಹದಲ್ಲಿ ಕೇಳಿ. ವಕೀಲರನ್ನು ನೇಮಿಸುವ ಹಕ್ಕು ನಿಮಗೂ ಇದೆ, ಅದನ್ನು ಸಹಿ ಹಾಕಿ ಬಿಟ್ಟುಕೊಡಬೇಡಿ. ಕರೆದೊಯ್ದದ್ದು ಪಕ್ಕದ ಮನೆಯವರನ್ನಾದರೆ, ಆ ತಾಯಿ ಮೆಟ್ಟಿಲಲ್ಲಿ ಎದುರಾದಾಗ ಕೈಚೀಲದೊಳಗೆ ಹುಡುಕಬೇಡಿ. ಮಗನ ಸುದ್ದಿ ಏನಾದರೂ ಬಂತಾ ಎಂದು ಕೇಳಿ.