ವರ್ಲಿನ್‌ಗಾಗಿ ಒಂದು ಪೀಪಾಯಿ

ನನ್ನ ಗಂಡ ವರ್ಲಿನ್‌ನ ಚಿಕಿತ್ಸೆಗೆ ಹಣ ಕೂಡಿಸಲು ನಮ್ಮ ವಿಸ್ಕಾನ್ಸಿನ್ ಊರಿನವರು ಟಿಕೆಟ್ ಇಟ್ಟು ಊಟ ಏರ್ಪಡಿಸಿದರು, ಅದೂ ಅವನು ಜೀವಮಾನವೆಲ್ಲ ಕುಡಿದ ಬಾರಿನಲ್ಲೇ. ಇಲ್ಲಿ ಯಾರಿಗೆ ಕಾಯಿಲೆಯಾದರೂ ಹೀಗೇ. ಬಾರು ನನ್ನ ಮೈದುನ ರೋಲಂಡ್‌ನದು. ಅವನು ಬಿಯರ್ ಪೀಪಾಯಿ ಉರುಳಿಸಿಕೊಂಡು ಬಂದಾಗ ನನಗೆ ಮೈಯೆಲ್ಲ ಉರಿದುಹೋಯಿತು.

"ಡಾಕ್ಟರು ಹೇಳಿದ್ದು ಕೇಳಿಸ್ಲಿಲ್ವೇನೋ? ಲಿವರಿನ ಸಣ್ಣ ರಕ್ತನಾಳಗಳ ಗೋಡೆ ಜರಡಿ ಥರ ಇರುತ್ತಂತೆ. ಕುಡಿದೂ ಕುಡಿದೂ ಆ ತೂತೆಲ್ಲ ಮುಚ್ಚಿಹೋಗಿವೆ. ರಕ್ತ ಸರಿಯಾಗಿ ಹರೀದೆ ನಿಮ್ಮಣ್ಣನ ಹೊಟ್ಟೇಲಿ ನೀರು ತುಂಬಿದೆ."

"ಇದು ಅಣ್ಣನಿಗಲ್ಲ ಅತ್ತಿಗೆ, ಬಂದೋರಿಗೆ. ಬಿಯರ್ ಇಲ್ದಿದ್ರೆ ಯಾರು ಬರ್ತಾರೆ?"

ಆಗಲೇ ಸಾಲು ನಿಂತಿತ್ತು. ಮೊದಲು ನಿಂತಿದ್ದವನು ನನ್ನ ಮಗ ಕರ್ಟ್. ಅಪ್ಪನ ಮುಖ ಅಚ್ಚುಹಾಕಿಸಿದ್ದ ಅಂಗಿಯ ಮೇಲೆ ನೊರೆ ಚೆಲ್ಲಿಕೊಂಡು, "ಅಪ್ಪನ ಆರೋಗ್ಯಕ್ಕೆ" ಎಂದು ಲೋಟ ಎತ್ತಿದ.