ಅಪ್ಪನ ಗಡ್ಡ, ಮೆಂಬರ್ ಕತ್ತಿ

ಸಲೂನಿನ ಷಟರ್ ಅರ್ಧ ಎತ್ತಿ ಅವನು ಬೀದಿಯ ಎರಡೂ ತುದಿ ನೋಡಿದ. ಹೆಂಡತಿ ಬೆಳಿಗ್ಗೆಯಿಂದ ಒಂದೇ ರಾಗ ಹಿಡಿದಿದ್ದಳು: "ಇವತ್ತೊಂದಿನ ಅಂಗಡಿ ತೆಗೀಬೇಡಿ. ಜನ ಸ್ವಲ್ಪ ತಣ್ಣಗಾಗ್ಲಿ." ಅವನಿಗೂ ಒಳಗೊಳಗೆ ಅದೇ ಆಸೆ. ಆದರೆ ಪುರಸಭೆಯ ಮೆಂಬರ್ ಆಗಲು ವೋಟು ಕೇಳಹೋದಾಗ ಮನೆಮನೆಯಲ್ಲೂ ಹೇಳಿ ಬಂದಿದ್ದ: "ನನ್ನ ಹುಡುಕ್ಕೊಂಡು ಪುರಸಭೆಗೆ ಅಲೀಬೇಡಿ, ಅಂಗಡೀಲೇ ಸಿಗ್ತೀನಿ." ಇಂಥ ದಿನವೇ ಸಿಗದಿದ್ದರೆ ಆ ಮಾತಿಗೇನು ಬೆಲೆ?

ಹಿಂದಿನ ದಿನ ಪುರಸಭೆಯಲ್ಲಿ ಒಂದು ಠರಾವು ಬಂದಿತ್ತು. ಬೀಗ ಹಾಕಿ ಖಾಲಿ ಬಿಟ್ಟ ಮನೆಗಳಿಗೆ ಕಂದಾಯ ದುಪ್ಪಟ್ಟು ಮಾಡುವುದು, ಬಂದ ಹಣದಲ್ಲಿ ಕಡಿಮೆ ಬಾಡಿಗೆಯ ಮನೆ ಕಟ್ಟಿಸುವುದು. ಪರ ವಿರೋಧ ಎರಡೂ ಸಮ ಸಮ ನಿಂತಾಗ, ಕೊನೆಯದಾಗಿ ಠರಾವಿನ ಪರ ಮೇಲೆದ್ದದ್ದು ಇವನ ಕೈ. ಊರಿನಲ್ಲಿ ಬಾಡಿಗೆ ಮುಗಿಲು ಮುಟ್ಟಿ, ಬಸ್ ಓಡಿಸುವವರು, ಆಸ್ಪತ್ರೆಯ ದಾದಿಯರು ಪಕ್ಕದೂರಿನಿಂದ ಬಂದುಹೋಗುವಂತಾಗಿತ್ತು. ಬೀಗ ಬಿದ್ದ ಮನೆಗಳಿಗೇನೂ ಕೊರತೆಯಿರಲಿಲ್ಲ. ಅವುಗಳಲ್ಲೊಂದು ಅವನ ಅಪ್ಪನದು.

ಅಪ್ಪನೂ ಇದೇ ಸಲೂನಿನಲ್ಲಿ ಬೆನ್ನು ಬಾಗಿಸಿ ದುಡಿದವರು. ಹೊಟ್ಟೆ ಬಟ್ಟೆ ಕಟ್ಟಿ ಆ ಎರಡನೆಯ ಮನೆ ಕಟ್ಟಿಸಿದ್ದರು. ಕೊನೆಯ ಬಾಡಿಗೆದಾರ ನಲ್ಲಿ ತೆರೆದಿಟ್ಟು ಊರಿಗೆ ಹೋಗಿ ಗೋಡೆಯೆಲ್ಲ ನೀರು ಕುಡಿದ ಮೇಲೆ, ಸಿಟ್ಟಿನಿಂದ ಬೀಗ ಜಡಿದವರು ಮತ್ತೆ ತೆಗೆದಿರಲಿಲ್ಲ. ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ತಟ್ಟೆ ನೋಡಿದರೇ ಹೊರತು ಮಗನ ಮುಖ ನೋಡಲಿಲ್ಲ. ಅಪ್ಪ ಇನ್ನು ತನ್ನೊಡನೆ ಮಾತಾಡುತ್ತಾರೋ ಇಲ್ಲವೋ ಎಂಬುದೊಂದೇ ಅವನನ್ನು ಕೊರೆಯುತ್ತಿತ್ತು.

ಮೊದಲು ಬಂದವನು ಬೇಕರಿಯವನು. ಅವನದೂ ಒಂದು ಬೀಗದ ಮನೆಯಿತ್ತು. ಕುರ್ಚಿಯಲ್ಲಿ ಕೂತವನೇ ಶುರು ಮಾಡಿದ.

"ಏನ್ ಮೆಂಬರ್ರೇ, ನಿನ್ನೆ ಸಭೇಲಿ ತಲೆ ಬೋಳಿಸಿದ್ದಾಯ್ತು. ಇವತ್ತು ಗಡ್ಡಾನಾದ್ರೂ ನೆಟ್ಟಗೆ ಮಾಡ್ತೀರೋ?"

"ಮಾಡ್ತೀನಿ ಅಣ್ಣಾ. ಬಾಯಿ ಮುಚ್ಚಿದ್ರೆ ತುಟಿ ಉಳಿಯುತ್ತೆ."

ಅಷ್ಟರಲ್ಲಿ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಹಿಂದೆಯೇ ಬಸ್ ಡ್ರೈವರ್ ಒಬ್ಬ ಬಂದ. ಡ್ರೈವರ್ ಗೌರವಕ್ಕೆಂದು, "ಯಜಮಾನ್ರನ್ನ ಮೊದ್ಲು ಕೂರಿಸಿ" ಎಂದ.

"ಈ ಅಂಗಡೀಲಿ ಸರದಿ ತಪ್ಪಲ್ಲ," ಎಂದು ಅಪ್ಪ ಬೆಂಚಿನ ಮೇಲೆ ಕೂತರು. ಆ ನಿಯಮ ಮಾಡಿದವರೇ ಅವರು. ಒಮ್ಮೆ ಪೊಲೀಸ್ ಸಾಹೇಬರನ್ನೇ ಒಬ್ಬ ಹಮಾಲಿಯ ಹಿಂದೆ ಕೂರಿಸಿದ್ದರು.

ಬೇಕರಿಯವನ ಕೆಲಸ ಮುಗಿಯಿತು. ಅವನು ಎದ್ದನೇ ಹೊರತು ಹೋಗಲಿಲ್ಲ. ಕೆನ್ನೆ ಒರೆಸಿಕೊಳ್ಳುವ ನೆಪದಲ್ಲಿ ಅಲ್ಲೇ ನಿಂತ. ತಮಾಷೆ ಯಾರಿಗೆ ಬೇಡ?

ಅಪ್ಪ ಕುರ್ಚಿಗೆ ಬಂದರು. ಬೇರೆಯವರ ಕತ್ತಿಯ ಕೆಳಗೆ ಅವರು ಕಣ್ಣು ಮುಚ್ಚಿದವರೇ ಅಲ್ಲ. ಮಗನ ಕೈ ಪಳಗಿ ಎಷ್ಟೋ ವರ್ಷವಾಗಿದ್ದರೂ ಕನ್ನಡಿಯಲ್ಲಿ ಕತ್ತಿಯನ್ನೇ ಕಾಯುತ್ತ, "ಚರ್ಮ ಎಳೆದು ಹಿಡಿ," "ಅವಸರ ಬೇಡ" ಎಂದು ಗದರುತ್ತಲೇ ಇರುತ್ತಿದ್ದರು. ಅವನು ನೊರೆ ಹಚ್ಚಿ, ಹೊಸ ಬ್ಲೇಡು ಸೇರಿಸಿದ.

"ಕೈ ನಡುಗ್ತಿದೆ," ಎಂದರು ಅಪ್ಪ.

"ಹೌದಪ್ಪಾ."

"ಹಾಗಾದ್ರೆ ಮೊದ್ಲು ಮಾತು ಮುಗಿಸು, ಆಮೇಲೆ ಕತ್ತಿ ಇಡು. ಚರಂಡಿಗೆ ಅಂತ ಕಂದಾಯ ಏರಿಸಿದ್ರಲ್ಲ, ಚರಂಡಿ ಬರ್ಲಿಲ್ಲ, ಕಚೇರಿಗೆ ಮೆತ್ತನೆ ಕುರ್ಚಿ ಬಂದ್ವು. ಇದೂ ಹಾಗೇ ಆದ್ರೆ?"

"ಆಗಲ್ಲ ಅಂತ ಆಣೆ ಇಡೋ ಧೈರ್ಯ ನನಗಿಲ್ಲ. ಆದ್ರೆ ಎಷ್ಟು ಬಂತು, ಎಲ್ಲಿಗೆ ಹೋಯ್ತು ಅಂತ ಇಲ್ಲೇ ಬಂದು ಕೇಳಿ, ಯಾರು ಬೇಕಾದ್ರೂ ಕೇಳಿ. ಗೊತ್ತಿದ್ರೆ ಹೇಳ್ತೀನಿ, ಇಲ್ದಿದ್ರೆ ತಿಳ್ಕೊಂಡು ಬಂದು ಹೇಳ್ತೀನಿ. ಮತ್ತೆ ಕುರ್ಚಿ ಬಂದ್ರೆ, ನನ್ನ ಈ ಕುರ್ಚೀಲಿ ಕೂರಿಸಿ ನೀವೇ ತಲೆ ಬೋಳಿಸಿ."

ಬೇಕರಿಯವನು, "ನಾನು ನೀರು ಚಿಮುಕಿಸ್ತೀನಿ" ಎಂದ. ಅಪ್ಪ ನಗಲಿಲ್ಲ.

"ಕೈ ಎತ್ತುವಾಗ ನನ್ನ ಮನೆ ನೆನಪಿತ್ತಾ?"

ಇತ್ತು ಎಂದಷ್ಟೇ ಹೇಳಿದ್ದರೆ ಸಾಕಿತ್ತು. ಆದರೆ ಇನ್ನೊಂದು ಮಾತನ್ನು ಅವನು ರಾತ್ರಿಯಿಂದ ಬಚ್ಚಿಟ್ಟುಕೊಂಡಿದ್ದ. ಹೇಳಿದರೆ ಅಪ್ಪ ನೊರೆಯ ಮುಖದಲ್ಲೇ ಎದ್ದು ಹೋದಾರು. ಹೇಳದಿದ್ದರೆ ಈಗಷ್ಟೇ ಕೊಟ್ಟ ಮಾತು ಸುಳ್ಳಾಗುತ್ತದೆ.

"ನೆನಪಿತ್ತು. ಅಷ್ಟೇ ಅಲ್ಲ. ವಯಸ್ಸಾದವರ ಹೆಸರಲ್ಲಿರೋ ಮನೆಗಳಿಗೆ ವಿನಾಯಿತಿ ಕೊಡೋಣ, ನಿಮ್ಮಪ್ಪಂದೂ ಉಳ್ಕೊಳ್ಳುತ್ತೆ ಅಂತ ಅಧ್ಯಕ್ಷರೇ ಹೇಳಿದ್ರು. ನಾನೇ ಬೇಡ ಅಂದೆ."

ಅಪ್ಪ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ಯಾಕೆ?"

"ಬೆಳಗಾಗೋದ್ರೊಳಗೆ ಊರಲ್ಲಿರೋ ಬೀಗದ ಮನೆಗಳೆಲ್ಲ ಅವರವರ ಅಪ್ಪ ಅಮ್ಮನ ಹೆಸರಿಗೆ ಹೋಗ್ತಿದ್ವು."

ಬೇಕರಿಯವನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ಮತ್ತೆ ಅಪ್ಪಾ, ಸಾಹೇಬ್ರನ್ನ ಹಮಾಲಿ ಹಿಂದೆ ಕೂರಿಸಿದ್ದು ನೀವೇ ತಾನೇ? ಅವತ್ತು ನಾನು ಈ ಮೂಲೇಲಿ ಕಸ ಗುಡಿಸ್ತಿದ್ದೆ. ನೋಡಿದ್ದೀನಿ. ಈಗ ನಮ್ಮಪ್ಪ ಅಂತ ಸರದಿ ತಪ್ಪಿಸೋಕೆ ನನ್ನಿಂದಾಗ್ಲಿಲ್ಲ."

ಅಪ್ಪ ಕನ್ನಡಿಯಲ್ಲಿ ಮಗನ ಮುಖವನ್ನು ನೋಡಿದರು. ರಾತ್ರಿಯಿಂದ ನೋಡದೆ ಬಾಕಿ ಉಳಿಸಿದ್ದನ್ನೆಲ್ಲ ಸೇರಿಸಿ ನೋಡಿದಂತಿತ್ತು. ನೊರೆ ಆರುತ್ತ ಬಂದಿತ್ತು. ಅವನು ಬ್ರಷ್ಷು ಒದ್ದೆ ಮಾಡಿ ಮತ್ತೆ ಹಚ್ಚಿದ.

"ನನ್ನ ಜೇಬಿಗೇ ಕೈ ಹಾಕಿದ್ದೀಯ," ಎಂದರು ಅಪ್ಪ. ಆಮೇಲೆ ಬೇಕರಿಯವನ ಕಡೆ ಸ್ವಲ್ಪವೇ ತಿರುಗಿ, "ಕೇಳಿದ್ಯೇನಯ್ಯಾ? ನನ್ನ ಮಗ" ಎಂದರು.

ಅಷ್ಟೇ ಹೇಳಿ ತಲೆಯನ್ನು ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದರು.

ಅವನು ಕತ್ತಿ ಕೈಗೆತ್ತಿಕೊಂಡ. ಇನ್ನೇನು ತೆರೆಯುತ್ತಾರೆ, ಇನ್ನೇನು ಗದರುತ್ತಾರೆ ಎಂದು ಕಾದ. ಅವರು ತೆರೆಯಲಿಲ್ಲ. ಗಂಟಲ ಮೇಲೆ ಕತ್ತಿ ಇಟ್ಟ. ಕೈ ನಡುಗುವುದು ತಾನಾಗಿಯೇ ನಿಂತಿತ್ತು.

ಬೆಂಚಿನ ಮೇಲಿಂದ ಡ್ರೈವರ್ ಮೆಲ್ಲಗೆ ಕೇಳಿದ: "ಯಜಮಾನ್ರೇ, ಆ ಮನೆ ಬಾಡಿಗೆಗೆ ಕೊಡೋ ಯೋಚನೆ ಏನಾದ್ರೂ ಇದ್ಯಾ? ನಮ್ಮಮ್ಮ, ನನ್ನ ಹೆಂಡ್ತಿ, ಒಂದು ಪಾಪು, ಅಷ್ಟೇ ನಾವು. ನಲ್ಲಿ ನಿಲ್ಲಿಸಿಯೇ ಮಲಗೋ ಜನ."

ಅಪ್ಪ ಕಣ್ಣು ತೆರೆಯದೆಯೇ ಹೇಳಿದರು: "ತಡಿಯಪ್ಪಾ. ನಿನ್ನ ಸರದಿ ಬರ್ಲಿ."